ಶಿವರಾತ್ರಿಗೂ ಯುಗಾದಿಗೂ ನಡುವೆ

ಪಂಜಾಬಿನ ಹೊಲದಲ್ಲಿ ನವೆಂಬರ್‌ನಲ್ಲಿ ಬಿತ್ತಿದ ಗೋಧಿ ಫೆಬ್ರವರಿಯ ಹೊತ್ತಿಗೆ ತೆನೆ ಬಿಡುತ್ತದೆ. ಹೂವು ಎಷ್ಟು ಚಿಕ್ಕದೆಂದರೆ ಹತ್ತಿರ ಹೋಗಿ ನೋಡದಿದ್ದರೆ ಅದು ಅರಳಿದ್ದೇ ತಿಳಿಯುವುದಿಲ್ಲ. ಪರಾಗಸ್ಪರ್ಶವಾದ ಮೇಲೆ ಕಾಳು ತುಂಬುವ ಕೆಲಸ ಶುರು. ಆಗ ಒಂದು ಕಾಳನ್ನು ಕಿತ್ತು ಉಗುರಿನಿಂದ ಹಿಸುಕಿದರೆ ಬಿಳಿ ಹಾಲು ಹೊರಬರುತ್ತದೆ. ಇನ್ನೂ ಕೆಲವು ದಿನ ಬಿಟ್ಟು ಹಿಸುಕಿದರೆ ಹಾಲು ಹಿಟ್ಟಿನ ಹದಕ್ಕೆ ಬಂದಿರುತ್ತದೆ. ಆಮೇಲೆ ಉಗುರೇ ಇಳಿಯುವುದಿಲ್ಲ. ಎಲೆ ತಯಾರಿಸಿದ ಸಕ್ಕರೆ ಕಾಂಡದ ಮೂಲಕ ಏರಿ ಬಂದು ಕಾಳಿನೊಳಗೆ ಪಿಷ್ಟವಾಗಿ ಕೂಡಿಕೊಳ್ಳುವ ಈ ಕೆಲಸಕ್ಕೆ ಒಂದು ತಿಂಗಳಿಗೂ ಮಿಕ್ಕಿ ಸಮಯ ಬೇಕು. ಹಿತವಾದ ಹಗಲು ಬೇಕು, ತಣ್ಣನೆಯ ರಾತ್ರಿ ಬೇಕು.

ಪಿಷ್ಟ ಕಟ್ಟುವ ಕಿಣ್ವಗಳು ಶಾಖಕ್ಕೆ ಬೇಗ ಸೋಲುತ್ತವೆ. ತಾಪಮಾನ 30 ಡಿಗ್ರಿ ಸೆಲ್ಸಿಯಸ್ ದಾಟಿ ಅಲ್ಲೇ ನಿಂತರೆ ಅವುಗಳ ಕೆಲಸ ಕುಂಠಿತವಾಗುತ್ತದೆ. ಅತ್ತ ಎಲೆಗಳು ಬೇಗ ಹಳದಿಯಾಗುತ್ತವೆ. ಗಿಡಕ್ಕೆ ಅವಸರ ಹತ್ತುತ್ತದೆ. ತುಂಬಲು ಬೇಕಾದ ದಿನಗಳನ್ನು ಮೊಟಕು ಮಾಡಿಕೊಂಡು, ಅರ್ಧ ತುಂಬಿದ ಕಾಳನ್ನೇ ಒಣಗಿಸಿ ಬದುಕು ಮುಗಿಸುತ್ತದೆ. ಹೊರಗಿನಿಂದ ತೆನೆ ಮೊದಲಿನಂತೆಯೇ ಕಾಣುತ್ತದೆ, ಕಾಳಿನ ಎಣಿಕೆಯೂ ಕಡಿಮೆಯಾಗಿರುವುದಿಲ್ಲ. ಒಕ್ಕಣೆಯಾಗಿ ಮಂಡಿಯಲ್ಲಿ ತೂಕಕ್ಕಿಟ್ಟಾಗಲೇ ಸುರುಟಿದ ಕಾಳಿನ ಕಥೆ ಬಯಲಾಗುವುದು.

2022ರಲ್ಲಿ ಉತ್ತರ ಭಾರತದ ಲಕ್ಷಾಂತರ ರೈತರಿಗೆ ಹೀಗೆಯೇ ಆಯಿತು. ಆ ವರ್ಷ ಮಾರ್ಚ್ 1ಕ್ಕೆ ಶಿವರಾತ್ರಿ, ಏಪ್ರಿಲ್ 2ಕ್ಕೆ ಯುಗಾದಿ. ಶಿವರಾತ್ರಿಗೆ ಚಳಿ ‘ಶಿವ ಶಿವ’ ಎನ್ನುತ್ತ ಓಡಿಹೋಗುತ್ತದೆ ಎಂಬ ನಮ್ಮ ಹಿರಿಯರ ಲೆಕ್ಕದಲ್ಲಿ ಚಳಿ ಹೋದ ಮರುದಿನವೇ ಕಡುಬೇಸಿಗೆ ಬರುವುದಿಲ್ಲ. ನಡುವೆ ಒಂದು ತಿಂಗಳ ಬಿಡುವಿದೆ. ಮಾವು ಹೀಚಾಗುವುದು, ಬೇವು ಚಿಗುರುವುದು, ಉತ್ತರದಲ್ಲಿ ಗೋಧಿ ಕಾಳು ಕಟ್ಟುವುದು ಈ ಬಿಡುವಿನಲ್ಲಿಯೇ. 2022ರಲ್ಲಿ ಆ ಒಂದು ತಿಂಗಳು ಇಲ್ಲವಾಯಿತು.

ದಾಖಲೆಯ ಮಾರ್ಚ್

ಭಾರತೀಯ ಹವಾಮಾನ ಇಲಾಖೆಯ ಬಳಿ 1901ರಿಂದ ಇಡೀ ದೇಶದ ತಾಪಮಾನದ ಲೆಕ್ಕವಿದೆ. 2022ರವರೆಗಿನ ಆ 122 ವರ್ಷಗಳಲ್ಲಿ ಹಗಲಿನ ಗರಿಷ್ಠ ತಾಪಮಾನದ ದೇಶವ್ಯಾಪಿ ಸರಾಸರಿ ಅತಿ ಹೆಚ್ಚಾಗಿದ್ದ ಮಾರ್ಚ್ ಎಂದರೆ 2022ರದು: 33.1 ಡಿಗ್ರಿ. ವಾಡಿಕೆಗಿಂತ ಇದು ಸುಮಾರು ಎರಡು ಡಿಗ್ರಿ ಹೆಚ್ಚು. ಒಂದು ಊರಿನಲ್ಲಿ ಒಂದು ದಿನ ಎರಡು ಡಿಗ್ರಿ ಏರಿದರೆ ಯಾರೂ ಗಮನಿಸುವುದಿಲ್ಲ. ಕಾಶ್ಮೀರದಿಂದ ಕನ್ಯಾಕುಮಾರಿಯವರೆಗಿನ ನೆಲದ ತಿಂಗಳಿಡೀ ಸರಾಸರಿಯೇ ಅಷ್ಟು ಮೇಲೇರಿತೆಂದರೆ ಅದು ಭಾರಿ ಸಂಗತಿ. ಏಕೆಂದರೆ ಅಷ್ಟು ದೊಡ್ಡ ಪ್ರದೇಶದಲ್ಲಿ ಒಂದೆಡೆಯ ಬಿಸಿಯನ್ನು ಇನ್ನೊಂದೆಡೆಯ ತಂಪು ಸಾಮಾನ್ಯವಾಗಿ ಸರಿದೂಗಿಸಿಬಿಡುತ್ತದೆ. ಮಳೆಯೂ ಕೈಕೊಟ್ಟಿತು. ದೇಶದಲ್ಲಿ ಮಾರ್ಚ್ ತಿಂಗಳ ವಾಡಿಕೆ ಮಳೆ 30.4 ಮಿಲಿಮೀಟರ್, ಆ ವರ್ಷ ಬಿದ್ದದ್ದು 8.9 ಮಿಲಿಮೀಟರ್ ಮಾತ್ರ.

ಏಪ್ರಿಲ್ ಬಂದರೂ ಧಗೆ ತಗ್ಗಲಿಲ್ಲ. ವಾಯವ್ಯ ಭಾರತ ಮತ್ತು ಮಧ್ಯ ಭಾರತ ಎರಡೂ ಕಡೆ ಏಪ್ರಿಲ್‌ನ ಸರಾಸರಿ ಗರಿಷ್ಠ ತಾಪಮಾನ 122 ವರ್ಷಗಳ ದಾಖಲೆ ಮುರಿಯಿತು. ಮೇ 14ರಂದು ಪಾಕಿಸ್ತಾನದ ಸಿಂಧ್ ಪ್ರಾಂತ್ಯದ ಜಕೋಬಾಬಾದ್ 51 ಡಿಗ್ರಿ ಮುಟ್ಟಿತು. ಮರುದಿನ ಉತ್ತರ ಪ್ರದೇಶದ ಬಾಂದಾದಲ್ಲಿ 49 ಡಿಗ್ರಿ. ಅದಕ್ಕೂ ಮೊದಲು, ಮೇ 7ರಂದು, ಪಾಕಿಸ್ತಾನದ ಹುಂಜಾ ಕಣಿವೆಯಲ್ಲಿ ಧಗೆಗೆ ಹಿಮ ಕರಗಿ, ಶಿಸ್ಪರ್ ಹಿಮನದಿಯ ಸರೋವರ ಒಡೆದು ನುಗ್ಗಿದ ನೀರು ಹಸನಾಬಾದಿನ ಸೇತುವೆಯನ್ನೇ ಕೊಚ್ಚಿಕೊಂಡು ಹೋಯಿತು.

ಸರ್ಕಾರ ಫೆಬ್ರವರಿಯಲ್ಲಿ ಅಂದಾಜು ಮಾಡಿದ್ದ ಗೋಧಿ ಇಳುವರಿ 11 ಕೋಟಿ 13 ಲಕ್ಷ ಟನ್. ಅಷ್ಟು ಬಂದಿದ್ದರೆ ಅದೇ ದಾಖಲೆಯಾಗುತ್ತಿತ್ತು. ಮೇ ತಿಂಗಳಿನಲ್ಲಿ ಆ ಅಂದಾಜನ್ನು ಹತ್ತೂವರೆ ಕೋಟಿ ಟನ್ನಿನ ಆಸುಪಾಸಿಗೆ ಇಳಿಸಬೇಕಾಯಿತು. ಉಕ್ರೇನ್ ಯುದ್ಧದಿಂದಾಗಿ ಜಗತ್ತಿನ ಮಾರುಕಟ್ಟೆಯಲ್ಲಿ ಗೋಧಿಗೆ ಹಾಹಾಕಾರ ಎದ್ದಿದ್ದ ಸಮಯವದು. ಮೇ 13ರಂದು ಭಾರತ ಗೋಧಿ ರಫ್ತನ್ನು ನಿಷೇಧಿಸಿತು. ಪಂಜಾಬ್, ಹರಿಯಾಣದ ಮಂಡಿಗಳಿಗೆ ಬಂದ ಕಾಳು ಎಷ್ಟು ಸುರುಟಿತ್ತೆಂದರೆ ಸರ್ಕಾರ ಖರೀದಿಯ ನಿಯಮವನ್ನೇ ಸಡಿಲಿಸಿತು. ಸುರುಟಿದ ಕಾಳು ನೂರಕ್ಕೆ 6ರಷ್ಟಕ್ಕಿಂತ ಹೆಚ್ಚಿರಬಾರದು ಎಂದಿದ್ದದ್ದು 18ರವರೆಗೂ ಇರಬಹುದು ಎಂದಾಯಿತು.

ಗಮನಿಸಬೇಕಾದ ಮಾತೊಂದಿದೆ. ಮಾರ್ಚ್‌ನಲ್ಲಿ ಪಂಜಾಬಿನ ಗೋಧಿಯನ್ನು ಸುಟ್ಟ ತಾಪಮಾನ ಅದೇ ಪಂಜಾಬಿಗೆ ಹೊಸದೇನಲ್ಲ. ಏಪ್ರಿಲ್ ಕೊನೆಯಲ್ಲಿ ಅಷ್ಟು ಬಿಸಿಲು ಪ್ರತಿವರ್ಷ ಇರುತ್ತದೆ, ಇರಲೂ ಬೇಕು. ಒಣ ತೆನೆಯ ಒಕ್ಕಣೆಗೆ ಅದೇ ಅನುಕೂಲ. ಅಷ್ಟೇ ಬಿಸಿಲು ಹಾಲುಗಾಳಿನ ಮೇಲೆ ಬಿದ್ದರೆ ಬೆಳೆ ಹೋಗುತ್ತದೆ. ಅಕಾಲದ ಬಿಸಿಲಿನಲ್ಲಿ ಎಷ್ಟು ಡಿಗ್ರಿ ಎಂಬುದಕ್ಕಿಂತ ಯಾವಾಗ ಎಂಬುದು ದೊಡ್ಡ ಪ್ರಶ್ನೆ.

ಬಿಸಿಗಾಳಿ ಹುಟ್ಟುವ ಬಗೆ

ಚಳಿಗಾಲದಲ್ಲಿ ಮತ್ತು ವಸಂತದ ಆರಂಭದಲ್ಲಿ ಉತ್ತರ ಭಾರತಕ್ಕೆ ಮಳೆ ತರುವುದು ಮೆಡಿಟರೇನಿಯನ್ ಕಡೆಯಿಂದ ಇರಾನ್, ಆಫ್ಘಾನಿಸ್ತಾನದ ಮೇಲೆ ಸಾಗಿ ಬರುವ ಗಾಳಿಯ ಅಲೆಗಳು. ಹವಾಮಾನ ತಜ್ಞರು ಇವನ್ನು ಪಶ್ಚಿಮದ ಕ್ಷೋಭೆ ಎನ್ನುತ್ತಾರೆ. ಬಯಲಿಗೆ ಒಂದೆರಡು ಹದ ಮಳೆ, ಹಿಮಾಲಯಕ್ಕೆ ಹಿಮ, ನಾಲ್ಕಾರು ದಿನದ ಮೋಡದ ನೆರಳು: ಗೋಧಿಯ ಹೊಲ ಬೇಡುವುದು ಇದನ್ನೇ. 2022ರ ಮಾರ್ಚ್‌ನಲ್ಲಿ ಬಲವಾದ ಅಲೆಗಳು ಬಯಲಿನತ್ತ ಇಳಿಯಲೇ ಇಲ್ಲ. ಅವುಗಳ ಜಾಗದಲ್ಲಿ ಪಶ್ಚಿಮ ಭಾರತದ ಮೇಲೆ ಅಧಿಕ ಒತ್ತಡದ ವಲಯ ಬೀಡುಬಿಟ್ಟಿತು.

ಅಧಿಕ ಒತ್ತಡದ ಕೆಳಗೆ ಗಾಳಿ ಮೇಲಿನಿಂದ ಕೆಳಕ್ಕಿಳಿಯುತ್ತದೆ. ಇಳಿದಂತೆಲ್ಲ ಸುತ್ತಲಿನ ಒತ್ತಡ ಹೆಚ್ಚಿ ಗಾಳಿ ಅದುಮಿಕೊಳ್ಳುತ್ತದೆ, ಅದುಮಿದ ಗಾಳಿ ಬಿಸಿಯಾಗುತ್ತದೆ. ಒಣ ಗಾಳಿ ಒಂದು ಕಿಲೋಮೀಟರ್ ಇಳಿದರೆ ಹೆಚ್ಚುಕಡಿಮೆ ಹತ್ತು ಡಿಗ್ರಿ ಬಿಸಿಯೇರುತ್ತದೆ. ಇಳಿಯುವ ಗಾಳಿಯಲ್ಲಿ ಮೋಡ ಕಟ್ಟುವುದಿಲ್ಲವಾದ್ದರಿಂದ ಬಿಸಿಲಿಗೆ ತಡೆಯೂ ಇಲ್ಲ. ಜೊತೆಗೆ ಬಲೂಚಿಸ್ತಾನ, ಥಾರ್ ಮರುಭೂಮಿಯ ಕಡೆಯಿಂದ ಒಣಗಾಳಿ ಬೀಸುತ್ತಿತ್ತು.

ಇಷ್ಟಾದರೂ ನೆಲದಲ್ಲಿ ತೇವವಿದ್ದರೆ ಸ್ವಲ್ಪ ರಕ್ಷಣೆ ಸಿಗುತ್ತದೆ. ಹಸಿಮಣ್ಣು ಬೇಸಿಗೆಯ ಹೂಜಿಯಂತೆ ಬೆವರಿ ತಣ್ಣಗಾಗುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 24 ಲಕ್ಷ ಜೌಲ್ ಶಕ್ತಿ ಬೇಕು. ಅದೇ ಶಕ್ತಿ ನೇರವಾಗಿ ಗಾಳಿಗೆ ಹೋದರೆ ಸುಮಾರು ಎರಡು ಸಾವಿರ ಘನಮೀಟರ್ ಗಾಳಿಯ ತಾಪ ಒಂದು ಡಿಗ್ರಿ ಏರುತ್ತದೆ. ಮಳೆಯಿಲ್ಲದ ಮಾರ್ಚ್‌ನಲ್ಲಿ ಆವಿಯಾಗಲು ನೀರೇ ಇರಲಿಲ್ಲ. ಬಿಸಿಲಿನ ಶಕ್ತಿಯೆಲ್ಲ ನೆಲವನ್ನೂ ಗಾಳಿಯನ್ನೂ ಕಾಯಿಸುವುದಕ್ಕೆ ಹೋಯಿತು. ನೆಲ ಒಣಗಿದ್ದರಿಂದ ಗಾಳಿ ಕಾಯಿತು, ಕಾದ ಗಾಳಿ ನೆಲವನ್ನು ಇನ್ನಷ್ಟು ಒಣಗಿಸಿತು.

ಈ ವಿವರಣೆಯಲ್ಲಿ ಇಲ್ಲಿಯವರೆಗೆ ಇಂಗಾಲದ ಡೈಆಕ್ಸೈಡಿನ ಹೆಸರೇ ಬರಲಿಲ್ಲ. ಅಧಿಕ ಒತ್ತಡ, ಮಳೆಯ ಕೊರತೆ, ಒಣನೆಲ ಇವೆಲ್ಲ ಹಿಂದೆಯೂ ಇದ್ದವು. ಹಾಗಿದ್ದರೆ ಹವಾಮಾನ ಬದಲಾವಣೆಯನ್ನು ಏಕೆ ದೂರಬೇಕು ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಹೇಳಲೆಂದೇ ವಿಜ್ಞಾನದ ಒಂದು ಹೊಸ ಶಾಖೆ ಬೆಳೆದಿದೆ.

ಕಾರಣ ಹುಡುಕುವ ಲೆಕ್ಕ

2003ರ ಬೇಸಿಗೆಯಲ್ಲಿ ಯುರೋಪ್ ಭೀಕರ ಬಿಸಿಗಾಳಿಗೆ ಸಿಕ್ಕಿ ಹತ್ತಾರು ಸಾವಿರ ಜನ ಸತ್ತರು. ಮರುವರ್ಷ ಪೀಟರ್ ಸ್ಟಾಟ್, ಡೈತಿ ಸ್ಟೋನ್ ಮತ್ತು ಮೈಲ್ಸ್ ಆ್ಯಲೆನ್ ‘ನೇಚರ್’ ಪತ್ರಿಕೆಯಲ್ಲಿ ಒಂದು ಸಂಶೋಧನೆ ಪ್ರಕಟಿಸಿದರು. ಆ ಬಿಸಿಗಾಳಿಗೆ ಮನುಷ್ಯರೇ ಕಾರಣವೇ ಎಂದು ಅವರು ಕೇಳಲಿಲ್ಲ. ಅಂಥ ಬೇಸಿಗೆ ಬರುವ ಸಂಭವವನ್ನು ಮನುಷ್ಯರ ಚಟುವಟಿಕೆ ಎಷ್ಟು ಪಟ್ಟು ಹೆಚ್ಚಿಸಿದೆ ಎಂದು ಕೇಳಿದರು. ಕನಿಷ್ಠ ಎರಡು ಪಟ್ಟು ಎಂಬ ಉತ್ತರ ಸಿಕ್ಕಿತು. ಪ್ರಶ್ನೆ ಕೇಳುವ ರೀತಿ ಬದಲಾದದ್ದರಿಂದ ಲೆಕ್ಕಕ್ಕೆ ಸಿಗದಿದ್ದದ್ದು ಲೆಕ್ಕಕ್ಕೆ ಸಿಕ್ಕಿತು.

ಈಗಿನ ವಿಧಾನ ಹೀಗಿದೆ. ಮೊದಲು ಘಟನೆಯನ್ನು ಅಳೆಯಲು ಬರುವಂತೆ ಗುರುತಿಸಬೇಕು: ಯಾವ ಪ್ರದೇಶ, ಯಾವ ತಿಂಗಳು, ಯಾವ ತಾಪಮಾನ. ನಂತರ ದಶಕಗಳ ಮಾಪನದ ದಾಖಲೆ ಹಿಡಿದು, ಭೂಮಿಯ ಸರಾಸರಿ ತಾಪ ಏರಿದಂತೆ ಅಲ್ಲಿನ ತಾಪಮಾನ ಹೇಗೆ ಸರಿದಿದೆ ಎಂದು ನೋಡಬೇಕು. ಆಮೇಲೆ ಕಂಪ್ಯೂಟರ್ ಮಾದರಿಗಳಲ್ಲಿ ಎರಡು ಭೂಮಿಗಳನ್ನು ಕಟ್ಟಬೇಕು. ಒಂದು ಇಂದಿನ ಭೂಮಿ. ಕೈಗಾರಿಕಾ ಯುಗಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ 280ರಷ್ಟಿದ್ದ ಇಂಗಾಲದ ಡೈಆಕ್ಸೈಡ್ ಇಲ್ಲಿ 420 ದಾಟಿದೆ. ಇನ್ನೊಂದು ಕಲ್ಲಿದ್ದಲು, ಪೆಟ್ರೋಲು ಸುಡದೇ ಇದ್ದಿದ್ದರೆ ಇರುತ್ತಿದ್ದ ತಂಪಾದ ಭೂಮಿ. ಎರಡರಲ್ಲೂ ಸಾವಿರಾರು ವರ್ಷಗಳ ಹವೆಯನ್ನು ಓಡಿಸಿ, ಅದೇ ಘಟನೆ ಎಷ್ಟು ಸಲ ಬಂತು ಎಂದು ಎಣಿಸಬೇಕು.

ಫ್ರೀಡರಿಕೆ ಒಟ್ಟೊ ಮತ್ತು ದಿವಂಗತ ಗೀರ್ಟ್ ಯಾನ್ ವಾನ್ ಓಲ್ಡನ್‌ಬೋರ್ಗ್ ಮೊದಲಾದವರು ಕಟ್ಟಿದ ‘ವರ್ಲ್ಡ್ ವೆದರ್ ಆಟ್ರಿಬ್ಯೂಷನ್’ ತಂಡ ಈ ಕೆಲಸವನ್ನು ಘಟನೆ ನಡೆದ ಕೆಲವೇ ವಾರಗಳಲ್ಲಿ ಮಾಡುತ್ತದೆ. 2022ರ ಬಿಸಿಗಾಳಿಯ ಅಧ್ಯಯನದಲ್ಲಿ ದೆಹಲಿ ಐಐಟಿಯ ಕೃಷ್ಣ ಅಚ್ಯುತರಾವ್, ಮುಂಬೈ ಐಐಟಿಯ ಅರ್ಪಿತಾ ಮಂಡಲ್ ಕೂಡ ಇದ್ದರು. ಭಾರತ ಮತ್ತು ಪಾಕಿಸ್ತಾನದ ಬಿಸಿಗಾಳಿಯ ಪ್ರದೇಶಕ್ಕೆ ಮಾರ್ಚ್–ಏಪ್ರಿಲ್ ಎರಡೂ ತಿಂಗಳ ಹಗಲಿನ ಗರಿಷ್ಠ ತಾಪದ ಸರಾಸರಿಯನ್ನು ಅವರು ತೆಗೆದುಕೊಂಡರು. ಹವಾಮಾನ ಬದಲಾವಣೆಯಿಂದಾಗಿ ಇಂಥ ಬಿಸಿಗಾಳಿಯ ಸಂಭವ ಸುಮಾರು 30 ಪಟ್ಟು ಹೆಚ್ಚಿದೆ, ತಾಪವೂ ಸುಮಾರು ಒಂದು ಡಿಗ್ರಿ ಏರಿದೆ ಎಂದು ತಿಳಿಯಿತು. ಇಂದಿನ ಹವಾಮಾನದಲ್ಲೂ ಅದು ನೂರು ವರ್ಷಕ್ಕೊಮ್ಮೆ ಬರುವಂಥ ಅಪರೂಪದ ಘಟನೆಯೇ. ಹಿಂದಿನ ತಂಪು ಭೂಮಿಯಲ್ಲಿ ಸುಮಾರು ಮೂರು ಸಾವಿರ ವರ್ಷಕ್ಕೊಮ್ಮೆ ಬರುತ್ತಿತ್ತು.

ಬ್ರಿಟನ್ನಿನ ಹವಾಮಾನ ಇಲಾಖೆ ಬೇರೊಂದು ಪ್ರಶ್ನೆ ಕೇಳಿತು. 2010ರಲ್ಲಿ ಈ ಭಾಗದ ಏಪ್ರಿಲ್–ಮೇ ತಿಂಗಳ ಸರಾಸರಿ ತಾಪ ದಾಖಲೆ ಮಟ್ಟಕ್ಕೇರಿತ್ತು; ಅದನ್ನು ಮೀರುವ ವರ್ಷಗಳು ಎಷ್ಟಕ್ಕೊಮ್ಮೆ ಬರುತ್ತವೆ? ಮನುಷ್ಯರ ಪ್ರಭಾವವಿಲ್ಲದಿದ್ದರೆ 312 ವರ್ಷಕ್ಕೊಮ್ಮೆ, ಈಗ 3.1 ವರ್ಷಕ್ಕೊಮ್ಮೆ. ನೂರು ಪಟ್ಟು! ಒಂದು ಅಧ್ಯಯನ 30 ಎಂದರೆ ಇನ್ನೊಂದು 100 ಎನ್ನುತ್ತದೆ ಎಂದು ಗೊಂದಲಗೊಳ್ಳಬೇಕಿಲ್ಲ. ತಿಂಗಳು ಬೇರೆ, ಮಿತಿ ಬೇರೆ, ಹಾಗಾಗಿ ಉತ್ತರವೂ ಬೇರೆ. ದಿಕ್ಕು ಮಾತ್ರ ಎರಡರದೂ ಒಂದೇ.

ಬರೀ ಒಂದು ಡಿಗ್ರಿ ಸಂಭವವನ್ನು ಇಷ್ಟೊಂದು ಪಟ್ಟು ಹೇಗೆ ಹೆಚ್ಚಿಸುತ್ತದೆ? ಹಲವು ವರ್ಷಗಳ ಮಾರ್ಚ್ ತಾಪಮಾನವನ್ನು ನಕ್ಷೆಯಲ್ಲಿ ಗುರುತಿಸಿದರೆ ಬಹುಪಾಲು ವರ್ಷಗಳು ಸರಾಸರಿಯ ಹತ್ತಿರ ಗುಂಪುಗೂಡುತ್ತವೆ, ತೀರ ಬಿಸಿ ಮತ್ತು ತೀರ ತಂಪಿನ ವರ್ಷಗಳು ಎರಡು ತುದಿಯಲ್ಲಿ ವಿರಳವಾಗಿರುತ್ತವೆ. ವರ್ಷದಿಂದ ವರ್ಷಕ್ಕೆ ಆಗುವ ಏರಿಳಿತವನ್ನು ಅಳೆಯಲು ಸಂಖ್ಯಾಶಾಸ್ತ್ರಜ್ಞರು ಮಾನಕ ವಿಚಲನೆ ಎಂಬ ಅಳತೆ ಬಳಸುತ್ತಾರೆ. ಸರಾಸರಿಗಿಂತ ಅಂಥ ಮೂರು ಅಳತೆ ಮೇಲಿರುವ ವರ್ಷ ಸುಮಾರು 740ಕ್ಕೊಮ್ಮೆ ಬರುತ್ತದೆ. ಇಡೀ ನಕ್ಷೆ ಒಂದೇ ಅಳತೆಯಷ್ಟು ಬಿಸಿಯ ಕಡೆಗೆ ಸರಿದರೆ ಅದೇ ಬಿಸಿಯ ವರ್ಷ 44ಕ್ಕೊಮ್ಮೆ ಬರತೊಡಗುತ್ತದೆ. ಸಾಧಾರಣ ಬಿಸಿಯ ವರ್ಷಗಳು ಎರಡು ಮೂರು ಪಟ್ಟು ಹೆಚ್ಚಾದರೆ ತುದಿಯಲ್ಲಿರುವ ಭೀಕರ ವರ್ಷಗಳು ಹದಿನೇಳು ಪಟ್ಟು ಹೆಚ್ಚುತ್ತವೆ. ಸರಾಸರಿಯ ಸಣ್ಣ ಸರಿತ ತುದಿಯಲ್ಲಿ ದೊಡ್ಡ ಅನಾಹುತವಾಗುವುದು ಹೀಗೆ.

ಈ ಲೆಕ್ಕಕ್ಕೆ ಭಾರತದಲ್ಲಿ ಇನ್ನೊಂದು ಮಗ್ಗುಲಿದೆ. 1901ರಿಂದ 2018ರವರೆಗೆ ಭಾರತದ ಸರಾಸರಿ ತಾಪಮಾನ ಏರಿದ್ದು ಸುಮಾರು 0.7 ಡಿಗ್ರಿ, ಜಗತ್ತಿನ ನೆಲಭಾಗದ ಸರಾಸರಿ ಏರಿಕೆಗಿಂತ ಕಡಿಮೆ. ಗಂಗಾ ಬಯಲಿನ ಹೊಗೆ, ದೂಳು ಬಿಸಿಲಿನ ಒಂದಂಶವನ್ನು ಹಿಂದಕ್ಕೆ ಕಳಿಸುತ್ತವೆ. ಕಾಲುವೆ, ಕೊಳವೆಬಾವಿಯ ನೀರಾವರಿ ಹೊಲಗಳನ್ನು ತಂಪಾಗಿಡುತ್ತದೆ. ನಮ್ಮ ಮೇಲೆ ಬೀಳಬೇಕಾದ ತಾಪದ ಒಂದು ಪಾಲನ್ನು ಕೊಳಕು ಗಾಳಿ ಮತ್ತು ಅಂತರ್ಜಲ ಸದ್ಯಕ್ಕೆ ತಡೆದಿಟ್ಟಿವೆ. ಗಾಳಿಯನ್ನು ಶುದ್ಧ ಮಾಡಲೇಬೇಕು, ಅಂತರ್ಜಲ ಇಂದೋ ನಾಳೆಯೋ ಬತ್ತುತ್ತದೆ. ಆಗ ಆ ಪಾಲೂ ನಮ್ಮ ಮೇಲೆಯೇ ಬೀಳುತ್ತದೆ.

ಹೊಂದಿಕೊಳ್ಳದ ದೇಹ

ಗೋಧಿಗೆ ಇರುವಂತೆ ಮನುಷ್ಯನ ದೇಹಕ್ಕೂ ಕಾಲದ ಲೆಕ್ಕವಿದೆ. ಬೇಸಿಗೆ ಮೆಲ್ಲಗೆ ಏರಿದರೆ ದೇಹ ಒಂದೆರಡು ವಾರದಲ್ಲಿ ಅದಕ್ಕೆ ಒಗ್ಗಿಕೊಳ್ಳುತ್ತದೆ. ರಕ್ತದ ದ್ರವಭಾಗ ಹೆಚ್ಚುತ್ತದೆ, ಬೆವರು ಬೇಗ ಶುರುವಾಗಿ ಧಾರಾಳವಾಗಿ ಹರಿಯುತ್ತದೆ, ಬೆವರಿನಲ್ಲಿ ಉಪ್ಪಿನಂಶ ಕಡಿಮೆಯಾಗುತ್ತದೆ, ಅದೇ ಕೆಲಸಕ್ಕೆ ಹೃದಯ ಮೊದಲಿನಷ್ಟು ಜೋರಾಗಿ ಬಡಿಯಬೇಕಿಲ್ಲ. ಮೇ ತಿಂಗಳಲ್ಲಿ ಕಟ್ಟಡದ ಕೆಲಸಗಾರ ತಡೆದುಕೊಳ್ಳುವ ಬಿಸಿಲು ಮಾರ್ಚ್‌ನಲ್ಲಿ ಅವನನ್ನೇ ಕೆಡವಬಹುದು. ಋತುವಿನ ಮೊದಲ ಬಿಸಿಗಾಳಿಗಳು ಹೆಚ್ಚು ಪ್ರಾಣ ತೆಗೆಯುತ್ತವೆ ಎಂಬುದನ್ನು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ.

ಬಿಸಿಗಾಳಿ ಎಂದು ಸಾರಲು ನಮ್ಮ ಹವಾಮಾನ ಇಲಾಖೆ ಎರಡು ಅಳತೆ ನೋಡುತ್ತದೆ. ಬಯಲಿನಲ್ಲಿ ಕನಿಷ್ಠ 40, ಕರಾವಳಿಯಲ್ಲಿ 37, ಗುಡ್ಡಗಾಡಿನಲ್ಲಿ 30 ಡಿಗ್ರಿ ಇರಬೇಕು. ಜೊತೆಗೆ ಅದು ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು. 2025ರ ಫೆಬ್ರವರಿ ಕೊನೆಯ ವಾರ, ಸರಿಯಾಗಿ ಶಿವರಾತ್ರಿಯ ಆಸುಪಾಸು, ಇಲಾಖೆ ಗೋವಾಕ್ಕೂ ನಮ್ಮ ಕರಾವಳಿಗೂ ಬಿಸಿಗಾಳಿಯ ಎಚ್ಚರಿಕೆ ನೀಡಿತು. ಇಲಾಖೆಯ ಪಂಚಾಂಗದಲ್ಲಿ ಫೆಬ್ರವರಿ ಇನ್ನೂ ಚಳಿಗಾಲ. ಪೂರ್ವದಿಂದ ಬೀಸುವ ನೆಲದ ಗಾಳಿ ಬಲವಾಗಿದ್ದು ಕಡಲಗಾಳಿ ತಡವಾದರೆ ಕರಾವಳಿಯ ಮಧ್ಯಾಹ್ನಗಳು ಹೀಗೆ ಕಾಯುತ್ತವೆ. ದೇಶದ ಒಟ್ಟು ಸರಾಸರಿ ತಾಪದ ಲೆಕ್ಕದಲ್ಲಿ 1901ರಿಂದೀಚೆಗೆ ಅತಿ ಬಿಸಿಯ ಫೆಬ್ರವರಿ ಅದೇ. ಹಗಲಿನ ಗರಿಷ್ಠ ತಾಪದ ಸರಾಸರಿಯಲ್ಲಿ 2023ರ ಫೆಬ್ರವರಿ ಆಗಲೇ ದಾಖಲೆ ಬರೆದಿತ್ತು.

ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿ ಬೆಳೆಗಾರರಿಗೂ ಅಕಾಲದ ಬಿಸಿಲು ಹೊಸದಲ್ಲ. ರೊಬಸ್ಟಾ ಗಿಡದ ಮೊಗ್ಗು ಫೆಬ್ರವರಿ–ಮಾರ್ಚ್‌ನ ಹೂಮಳೆಗೆ ಕಾದಿರುತ್ತದೆ. ಮಳೆ ಬರದೆ ಬಿಸಿಲು ಮೊದಲು ಬಂದರೆ ಮೊಗ್ಗು ಕರಟುತ್ತದೆ. ಸ್ಪ್ರಿಂಕ್ಲರ್ ಹಾಕಲು ಕೆರೆಯಲ್ಲಿ ನೀರಿದ್ದವರು ಬಚಾವು, ಇಲ್ಲದವರಿಗೆ ಆ ವರ್ಷದ ಫಸಲಿಲ್ಲ. ದೂರದ ಜಪಾನಿನ ಕ್ಯೋಟೊದಲ್ಲಿಯೂ ಇಂಥದೇ ಸುದ್ದಿ. ಅಲ್ಲಿ ಚೆರ್ರಿ ಹೂ ಅರಳಿದ ದಿನಗಳ ದಾಖಲೆ ಕ್ರಿ.ಶ. 812ರಿಂದ ಸಿಗುತ್ತದೆ. 2021ರಲ್ಲಿ ಮಾರ್ಚ್ 26ಕ್ಕೇ ಹೂ ತುಂಬಿತು. ಅದಕ್ಕೆ ಮುಂಚಿನ ಸಾವಿರದ ಇನ್ನೂರು ವರ್ಷಗಳಲ್ಲಿ ಅಷ್ಟು ಬೇಗ ತುಂಬಿದ್ದಿಲ್ಲ.

ಫೆಬ್ರವರಿಯಿಂದಲೇ ತಯಾರಿ

2010ರ ಮೇ ತಿಂಗಳ ಬಿಸಿಗಾಳಿಯಲ್ಲಿ ಅಹಮದಾಬಾದ್ ನಗರದಲ್ಲಿ ವಾಡಿಕೆಗಿಂತ 1,344 ಸಾವು ಹೆಚ್ಚಾದವು. ಅದರಿಂದ ಎಚ್ಚೆತ್ತ ನಗರ 2013ರಲ್ಲಿ ದಕ್ಷಿಣ ಏಷ್ಯಾದ ಮೊದಲ ಶಾಖ ನಿರ್ವಹಣಾ ಯೋಜನೆ ರೂಪಿಸಿತು. ಮುನ್ನೆಚ್ಚರಿಕೆ ಸಂದೇಶ, ಆಸ್ಪತ್ರೆ ಸಿಬ್ಬಂದಿಗೆ ತರಬೇತಿ, ಕುಡಿಯುವ ನೀರು, ನೆರಳು ಎಲ್ಲವೂ ಅದರಲ್ಲಿವೆ. ಇಂಥ ಯೋಜನೆಗಳು ಈಗ ದೇಶದ ಅನೇಕ ಕಡೆ ಇವೆ. ಇವುಗಳ ತಯಾರಿ ಜನವರಿಯಲ್ಲಿ ಮುಗಿಯಬೇಕು, ಫೆಬ್ರವರಿಯಲ್ಲಿ ಜಾರಿಗೆ ಬರಬೇಕು. ಪರೀಕ್ಷೆಯ ವೇಳಾಪಟ್ಟಿ, ಗ್ರಾಮೀಣ ಉದ್ಯೋಗ ಖಾತರಿ ಕೆಲಸದ ಹೊತ್ತು, ಅಂಗನವಾಡಿಯ ಸಮಯ ಇವನ್ನೆಲ್ಲ ಯುಗಾದಿಯ ಆಚೆಗಿನ ಬೇಸಿಗೆಗೆ ಮಾತ್ರ ಹೊಂದಿಸುವ ಕಾಲ ಮುಗಿಯಿತು.

ಗೋಧಿಯ ಹೊಲದಲ್ಲಿ ಪ್ರಯತ್ನ ಶುರುವಾಗಿದೆ. ಅಕ್ಟೋಬರ್ ಕೊನೆಯಲ್ಲೇ ಬಿತ್ತಿ, ಬಿಸಿಲು ಏರುವ ಮೊದಲೇ ಕಾಳು ತುಂಬಿಸಿಕೊಳ್ಳುವ ತಳಿಗಳನ್ನು ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ಬೆಳೆಸುತ್ತಿದೆ. ಎಚ್‌ಡಿ 3385 ಅಂಥದೊಂದು. ಭತ್ತದ ಕೂಳೆಯ ನಡುವೆಯೇ ಉಳುಮೆಯಿಲ್ಲದೆ ಬಿತ್ತುವ ಯಂತ್ರಗಳು ದಿನಗಳನ್ನು ಉಳಿಸುತ್ತವೆ. ಆದರೆ ಜಗತ್ತಿನ ತಾಪ ಒಂದು ಡಿಗ್ರಿ ಏರಿದರೆ ಗೋಧಿ ಉತ್ಪಾದನೆ ನೂರಕ್ಕೆ 6ರಷ್ಟು ಕುಸಿಯುತ್ತದೆ ಎಂದು 2015ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವೊಂದು ಅಂದಾಜಿಸಿದೆ. ಬಿತ್ತನೆಯನ್ನು ಹಿಂದಕ್ಕೆ ಸರಿಸುತ್ತ ಹೋಗಲು ಮಿತಿಯಿದೆ. ಅದೇ ಹೊಲದಲ್ಲಿ ಭತ್ತದ ಕೊಯ್ಲು ಕಾದಿರುತ್ತದೆ.

ಹಾಗಾಗಿ ಮೂಲಕ್ಕೇ ಹೋಗಬೇಕು. 2022ರಲ್ಲಿ ಭೂಮಿ ಕೈಗಾರಿಕಾ ಯುಗದ ಮುಂಚಿಗಿಂತ 1.2 ಡಿಗ್ರಿ ಬಿಸಿಯಾಗಿತ್ತು. ಅದು 2 ಡಿಗ್ರಿ ಮುಟ್ಟಿದರೆ ಅಂಥ ಮಾರ್ಚ್–ಏಪ್ರಿಲ್ ಬರುವ ಸಂಭವ ಇನ್ನೂ 2ರಿಂದ 20 ಪಟ್ಟು ಹೆಚ್ಚುತ್ತದೆ, ತಾಪವೂ ಅರ್ಧದಿಂದ ಒಂದೂವರೆ ಡಿಗ್ರಿ ಏರುತ್ತದೆ ಎಂದು ‘ವರ್ಲ್ಡ್ ವೆದರ್ ಆಟ್ರಿಬ್ಯೂಷನ್’ ತಂಡದ ಲೆಕ್ಕ. ಪಳೆಯುಳಿಕೆ ಇಂಧನಗಳಿಂದ ಇಂದಿನವರೆಗೆ ಗಾಳಿ ಸೇರಿದ ಇಂಗಾಲದ ಡೈಆಕ್ಸೈಡಿನಲ್ಲಿ ಭಾರತದ ಪಾಲು ನೂರಕ್ಕೆ ನಾಲ್ಕಕ್ಕಿಂತ ಕಡಿಮೆ. ಹೆಚ್ಚು ಸುಟ್ಟ ದೇಶಗಳು ಮೊದಲು ನಿಲ್ಲಿಸಬೇಕು, ಈ ನಷ್ಟದ ಬೆಲೆಯನ್ನೂ ತೆರಬೇಕು. ಆ ಮಾತನ್ನು ಗಟ್ಟಿಯಾಗಿ ಹೇಳುತ್ತಲೇ ನಮ್ಮ ದಾರಿಯನ್ನು ನಾವು ನೋಡಿಕೊಳ್ಳಬೇಕು.

2022ರ ಏಪ್ರಿಲ್ 29ರಂದು ಫ್ಯಾನು, ಕೂಲರು, ಎ.ಸಿ.ಗಳ ಹೊರೆಯಿಂದ ದೇಶದ ವಿದ್ಯುತ್ ಬೇಡಿಕೆ ಆವರೆಗಿನ ದಾಖಲೆ ಮುರಿದು 207 ಗಿಗಾವ್ಯಾಟ್ ಮುಟ್ಟಿತು. ಉಷ್ಣ ಸ್ಥಾವರಗಳಿಗೆ ಕಲ್ಲಿದ್ದಲು ತಲುಪಿಸಲು ರೈಲ್ವೆ ಪ್ರಯಾಣಿಕರ ರೈಲುಗಳನ್ನೇ ರದ್ದು ಮಾಡಿತು. ಸೆಕೆ ತಾಳಲಾರದೆ ಸುಟ್ಟ ಕಲ್ಲಿದ್ದಲು ಮುಂದಿನ ಸೆಕೆಗೆ ಬೀಜ ಬಿತ್ತಿತು. ಆದರೆ ಆ ದಾಖಲೆ ಬೇಡಿಕೆ ಬಂದದ್ದು ಮಧ್ಯಾಹ್ನ ಮೂರರ ಸುಮಾರಿಗೆ, ಸೌರ ಫಲಕಗಳು ಧಾರಾಳವಾಗಿ ವಿದ್ಯುತ್ ಕೊಡುವ ಹೊತ್ತಿನಲ್ಲಿ. ತುಮಕೂರು ಜಿಲ್ಲೆಯ ಪಾವಗಡದ ಬರಡು ನೆಲದಲ್ಲಿ ಎರಡು ಸಾವಿರ ಮೆಗಾವ್ಯಾಟಿನ ಸೌರ ಉದ್ಯಾನ ಎದ್ದು ನಿಂತಿರುವಾಗ ಆ ಬೇಡಿಕೆಯನ್ನು ಬಿಸಿಲಿನಿಂದ ಪೂರೈಸುವುದು ಕನಸಿನ ಮಾತೇನಲ್ಲ. ಬಿಸಿಲು ಹೆಚ್ಚಿದ ಹೊತ್ತಿನಲ್ಲಿ ಬಿಸಿಲಿನಿಂದಲೇ ಫ್ಯಾನು ತಿರುಗಿಸಿ, ಸಂಜೆಗೆ ಬ್ಯಾಟರಿಯಲ್ಲಿ ಉಳಿಸಿಟ್ಟುಕೊಂಡರೆ ಕಲ್ಲಿದ್ದಲಿನ ಆ ಸುತ್ತು ಮುರಿಯುತ್ತದೆ. ತಾಪ 2 ಡಿಗ್ರಿಗೆ ಏರದಂತೆ ತಡೆದ ಪ್ರತಿ ಹತ್ತನೇ ಒಂದು ಡಿಗ್ರಿಯೂ ಹಾಲುಗಾಳಿಗೆ, ಕಾಫಿಯ ಮೊಗ್ಗಿಗೆ, ಬಿಸಿಲಿನಲ್ಲಿ ದುಡಿಯುವ ದೇಹಕ್ಕೆ ಕೆಲವು ತಂಪು ದಿನಗಳನ್ನು ಉಳಿಸಿಕೊಡುತ್ತದೆ. ಆ ದಿನಗಳಿಗಾಗಿ ದುಡಿಯುವುದು ಇಂದು ಸರ್ಕಾರದ, ಉದ್ಯಮದ, ನಮ್ಮೆಲ್ಲರ ಮೊದಲ ಕೆಲಸವಾಗಬೇಕು.